ಕಾಯೋಟಿ ಬರುವ ಮುನ್ನವೇ ದೂರ ಅಳೆಯಬೇಕು

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನಾಯಿ ಜಾತಿಯ ಕಾಡುಪ್ರಾಣಿ ಕಾಯೋಟಿಯ ಶಿಕಾರಿಗೆ ವರ್ಷವಿಡೀ ಅಡ್ಡಿಯಿಲ್ಲ. ಕುರಿಮರಿ, ಎಳೆಗರುಗಳ ಮೇಲೆ ಬೀಳುವ ಪ್ರಾಣಿಯೆಂದು ಕಾನೂನೇ ಅದಕ್ಕೆ ರಕ್ಷಣೆ ಕೊಟ್ಟಿಲ್ಲ. (ಅದರ ದಾಯಾದಿ ನರಿಯನ್ನು ನಮ್ಮಲ್ಲಿ ಕೊಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು ಸೇರಬಹುದು.) ಅಲ್ಲಿನವರು ಸೇಜ್‌ಬ್ರಷ್ ಪೊದೆಗೆ ಬೆನ್ನು ಕೊಟ್ಟು ಕೂತು, ಗಾಯಗೊಂಡ ಮೊಲದ ಚೀರಾಟವನ್ನು ಯಂತ್ರದಿಂದ ಹೊರಡಿಸಿ ಕಾಯೋಟಿಯನ್ನೇ ಕರೆಸಿಕೊಳ್ಳುತ್ತಾರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಾರದಿದ್ದರೆ ಜಾಗ ಬದಲು.

ಎಷ್ಟು ದೂರದಲ್ಲಿ ಈಡು ಹೊಡೆಯಬೇಕೆಂಬುದು ಈ ಕೂರುವ ಜಾಗ ಆರಿಸುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಚಳಿಗಾಲದ ತುಪ್ಪಳದಲ್ಲಿ ಕಾಯೋಟಿ ದಪ್ಪಗೆ ಕಾಣುತ್ತದೆ. ಅದರೊಳಗೆ ಗುಂಡು ತಾಗಬೇಕಾದ ಎದೆಯ ಜಾಗ ನಾಲ್ಕೈದು ಅಂಗುಲವಷ್ಟೇ. .223 ರೈಫಲ್ಲಿಗೆ 55 ಗ್ರೇನ್ ತೂಕದ ಗುಂಡು ಹಾಕಿ 200 ಗಜಕ್ಕೆ ಗುರಿ ಹೊಂದಿಸಿದರೆ, 100 ಗಜದಲ್ಲಿ ಒಂದೂವರೆ ಅಂಗುಲದಷ್ಟು ಮೇಲೆ ತಾಗುತ್ತದೆ, ಚಿಂತೆಯಿಲ್ಲ. 300 ಗಜ ಮುಟ್ಟುವಷ್ಟರಲ್ಲಿ ಏಳೆಂಟು ಅಂಗುಲ ಇಳಿದಿರುತ್ತದೆ. ಇಳಿತವನ್ನಾದರೂ ಲೆಕ್ಕ ಹಾಕಬಹುದು, ಪೇಚಿರುವುದು ಗಾಳಿಯಲ್ಲಿ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಇದೇ ಗುಂಡನ್ನು 100 ಗಜದಲ್ಲಿ ಒಂದು ಅಂಗುಲ, 200ರಲ್ಲಿ ನಾಲ್ಕು, 300ರಲ್ಲಿ ಸುಮಾರು 10 ಅಂಗುಲ ಪಕ್ಕಕ್ಕೆ ಒಯ್ಯುತ್ತದೆ. ಎದೆಗೆ ಗುರಿಯಿಟ್ಟ ಗುಂಡು ಹೊಟ್ಟೆಗೆ ತಾಗಿ ಪ್ರಾಣಿ ಎಲ್ಲೋ ಹೋಗಿ ನರಳಿ ಸಾಯುತ್ತದೆ. ವಯೋಮಿಂಗ್‌ನ ಬಯಲಿನಲ್ಲಿ ಇದಕ್ಕಿಂತ ಜೋರು ಗಾಳಿ ಮಾಮೂಲು. 400 ಗಜದಿಂದ ಉರುಳಿಸಿದೆ ಎಂದು ಜಂಬ ಕೊಚ್ಚುವವರನ್ನು ತಪ್ಪಿದ ಈಡುಗಳ ಲೆಕ್ಕವನ್ನೂ ಕೇಳಬೇಕು. ಗಾಳಿಯ ದಿನ 150 ಗಜದಾಚೆ ಕುದುರೆ ಎಳೆಯದಿರುವುದೇ ಸರಿ ಎನ್ನುತ್ತೇನೆ ನಾನು.

ಕಾಯೋಟಿ ನೇರವಾಗಿ ನುಗ್ಗುವುದು ಕಡಿಮೆ. ಗಾಳಿಯ ಕೆಳಮಗ್ಗುಲಿಗೆ ಬಳಸಿ ಬಂದು ಮೂಸಿ ನೋಡುತ್ತದೆ. ಹಾಗಾಗಿ ಕೂಗುವ ಯಂತ್ರವನ್ನು ಗಾಳಿ ಬರುವ ದಿಕ್ಕಿಗೆ 40–50 ಗಜ ಮುಂದಿಟ್ಟು, ಕಾಯೋಟಿ ಬಳಸಿ ಬರುವ ಹಾದಿ ಬಯಲಾಗಿ ಕಾಣುವಂತೆ ಕೂರಬೇಕು. ಕೂಗು ಶುರುಮಾಡುವ ಮೊದಲೇ ಲೇಸರ್ ದೂರಮಾಪಕದಿಂದ ಬೇಲಿಗೂಟ, ಒಂಟಿ ಬಂಡೆ, ಬಿಳಿ ಹುಲ್ಲಿನ ತೇಪೆ ಇವುಗಳ ದೂರ ಅಳೆದು ನೆನಪಿಟ್ಟುಕೊಳ್ಳಬೇಕು. ಆಮೇಲೆ ಕೈ ಎತ್ತಿದರೆ ಕಾಯೋಟಿಯ ಕಣ್ಣಿಗೆ ಬಿದ್ದಂತೆಯೇ. ರೈಫಲ್ಲಿನ ದುರ್ಬೀನಿನ ವರ್ಧನೆ ಮೂರು ನಾಲ್ಕು ಪಟ್ಟಿನಲ್ಲೇ ಇರಲಿ. 30 ಗಜಕ್ಕೆ ಬಂದ ಪ್ರಾಣಿ ಹನ್ನೆರಡು ಪಟ್ಟಿನಲ್ಲಿ ಬರೀ ಕೂದಲಾಗಿ ಕಾಣುತ್ತದೆ. ದಟ್ಟ ಪೊದೆಯ ಜಾಗವಾದರೆ ಶಾಟ್‌ಗನ್ನೇ ಮೇಲು, ಆದರೆ ಸೀಸದ ಬಕ್‌ಶಾಟ್ ತೋಟಾಕ್ಕೆ 40 ಗಜವೇ ಮಿತಿ.

ಬರುತ್ತಿರುವುದನ್ನು ಬರಲು ಬಿಡಿ. 250 ಗಜದಲ್ಲಿ ಓಡಿ ಬರುತ್ತಿರುವ ಕಾಯೋಟಿ ಕೆಲವೇ ಸೆಕೆಂಡುಗಳಲ್ಲಿ 100ಕ್ಕೆ ಬಂದಿರುತ್ತದೆ. ಆಗ ಬಾಯಲ್ಲಿ ನಾಯಿಯಂತೆ ಒಮ್ಮೆ ಬೊಗಳಿದರೆ ಸಾಕು, ಸಾಮಾನ್ಯವಾಗಿ ನಿಂತು ನೋಡುತ್ತದೆ. ಅದಾಗಿಯೇ ನಿಂತು, ಮೂತಿಯನ್ನು ಗಾಳಿಗೆ ತಿರುಗಿಸಿತೋ, ಇನ್ನು ಹತ್ತಿರ ಬರುವ ಆಸೆ ಬೇಡ. ಮಿತಿಯೊಳಗಿದ್ದರೆ ಆಗಲೇ ಹೊಡೆಯಬೇಕು, ಇಲ್ಲದಿದ್ದರೆ ಬಿಡಬೇಕು. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತಿದ್ದರೆ ಎಷ್ಟೇ ಹತ್ತಿರವಿದ್ದರೂ ಹೊಡೆಯುವಂತಿಲ್ಲ, ಏಕೆಂದರೆ ಹಿಂದೆ ಗುಂಡು ತಡೆಯುವ ಮಣ್ಣಿರುವುದಿಲ್ಲ.

ಈಡು ಹಾರಿದ ಮೇಲೂ ಎದ್ದು ಓಡಬಾರದು. ಜನವರಿ, ಫೆಬ್ರುವರಿ ಅವುಗಳ ಜೋಡಿ ಕೂಡುವ ಕಾಲ. ಮೊದಲನೆಯದರ ಹಿಂದೆಯೇ ಎರಡನೆಯದು ಬರುತ್ತಿರಬಹುದು. ಕೂಗು ಇನ್ನೂ ಕೆಲವು ನಿಮಿಷ ನಡೆಯಲಿ.