ಹಿಂದುಳಿದ ತಾಲೂಕು ಅಂದರೆ ಏನು?

'ನಮ್ಮದು ಹಿಂದುಳಿದ ತಾಲೂಕು' ಎಂದು ದೊಡ್ಡವರು ಅನ್ನುತ್ತಾ ಇರುತ್ತಾರೆ. ಯಾರಿಗಿಂತ ಹಿಂದೆ? ಅಳೆದವರು ಯಾರು? ನಾನು ನಮ್ಮ ಸಮಾಜ ಸರ್ ಹತ್ತಿರ ಕೇಳಿದೆ.

2000ರಲ್ಲಿ ನಮ್ಮ ಸರ್ಕಾರ ಡಾ. ಡಿ. ಎಂ. ನಂಜುಂಡಪ್ಪ ಅವರ ಸಮಿತಿ ಮಾಡಿತು. 2002ರಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿ 175 ತಾಲೂಕುಗಳಿದ್ದವು. ಕೃಷಿ, ರಸ್ತೆ, ಬ್ಯಾಂಕು, ಶಾಲೆ, ದವಾಖಾನೆ ಹೀಗೆ 35 ವಿಷಯ ಹಿಡಿದು ಒಂದೊಂದು ತಾಲೂಕನ್ನೂ ಅಳೆದರು. ಇಡೀ ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡರು. 1ಕ್ಕಿಂತ ಕಡಿಮೆ ಬಂದರೆ ಅದು ಹಿಂದುಳಿದ ತಾಲೂಕು. ನಮ್ಮ ಪರೀಕ್ಷೆ ಇದ್ದ ಹಾಗೇ, ಆದರೆ ಇಲ್ಲಿ ಪಾಸಾಗಲು ಕನಿಷ್ಠ ಮಾರ್ಕ್ಸ್ ಸಾಲದು, ಇಡೀ ಕ್ಲಾಸಿನ ಸರಾಸರಿ ಮುಟ್ಟಬೇಕು! 114 ತಾಲೂಕು ಮುಟ್ಟಲಿಲ್ಲ. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ನನಗೆ ಬಹಳ ಕೆಟ್ಟನಿಸಿತು.

ಆಮೇಲೆ ಸರ್ 2011ರ ಜನಗಣತಿ ತೋರಿಸಿದರು. ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ದಕ್ಷಿಣ ಕನ್ನಡದಲ್ಲಿ ನೂರಕ್ಕೆ 84, ನಮ್ಮ ಯಾದಗಿರಿ ಜಿಲ್ಲೆಯಲ್ಲಿ 41. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಆದರೂ ಇಷ್ಟು ಫರಕು. ಉಳಿದ 59 ಮಂದಿಯೊಳಗೆ ನಮ್ಮವ್ವನೂ ಇದ್ದಾಳೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ.

ಇದನ್ನು ಬರೆದು ಮುಗಿಸಿ ಅವ್ವನಿಗೆ ಓದಿ ಹೇಳಿದೆ. ಅವ್ವ ನನ್ನಪ್ಪನ ಸಂಗಡ ಎರಡು ವರ್ಷ ಮಂಗಳೂರಿಗೆ ಗುಳೆ ಹೋಗಿದ್ದಳು. 'ಹೌದು ಬಿಡು, ಅಲ್ಲಿ ಮುದುಕೇರು ಸೈತ ಕಟ್ಟಿ ಮ್ಯಾಲ ಕುಂತು ಪೇಪರ್ ಓದ್ತಿದ್ರು. ನಾ ಇಟ್ಟಂಗಿ ಹೊತ್ತು ನೋಡ್ತಿದ್ದೆ' ಅಂದಳು.