ಸರ್ವಜ್ಞನನ್ನು ಹುಡುಕಿಕೊಟ್ಟ ಪಾದ್ರಿ

ಸರ್ವಜ್ಞನ ತ್ರಿಪದಿ ನಮಗೆಲ್ಲ ಬಾಯಿಪಾಠ.
ಆದರೆ ಅವನ್ನೆಲ್ಲ ಹುಡುಕಿ, ಕೂಡಿಸಿ,
ಪುಸ್ತಕ ಮಾಡಿದವರು ಯಾರು ಗೊತ್ತಾ?

ಒಬ್ಬ ಕ್ರೈಸ್ತ ಪಾದ್ರಿ!
ರೆವರೆಂಡ್ ಉತ್ತಂಗಿ ಚನ್ನಪ್ಪ.

ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ.
ಹೆಸರಿನಲ್ಲಿರೋ ಉತ್ತಂಗಿ,
ನಮ್ಮ ಕೊಪ್ಪಳದಿಂದ ತುಂಗಭದ್ರೆ ದಾಟಿದರೆ ಸಿಗೋ
ಹಡಗಲಿ ಸೀಮೆಯ ಊರು.

ಬಾಸೆಲ್ ಮಿಷನ್ನಿನ ಸಭಾಪಾಲಕರು.
ಭಾನುವಾರ ಬೈಬಲ್ ಬೋಧನೆ.
ಬಿಡುವು ಸಿಕ್ಕರೆ ಸರ್ವಜ್ಞನ ಬೆನ್ನು ಹತ್ತೋರು.

ಒಂದೇ ತ್ರಿಪದಿ,
ಈ ಓಲೆಗರಿಯಲ್ಲಿ ಒಂದು ಥರ,
ಆ ಹಿರಿಯರ ಬಾಯಲ್ಲಿ ಇನ್ನೊಂದು ಥರ.
ಕಣದಲ್ಲಿ ಚೆಲ್ಲಿದ ಜೋಳವನ್ನ
ಕಾಳು ಕಾಳಾಗಿ ಆರಿಸಿದ ಹಾಗೆ
ಆರಿಸಿದರು, ಹೋಲಿಸಿದರು.
1924ರಲ್ಲಿ ಪುಸ್ತಕ ಬಂತು.
ಸಾವಿರಕ್ಕೂ ಮಿಕ್ಕ ವಚನಗಳು!

ಶರಣರ ವಚನಗಳನ್ನೂ
ಅಷ್ಟೇ ಪ್ರೀತಿಯಿಂದ ಓದಿದರು, ಬರೆದರು.
ತಮ್ಮನ್ನ ಕರೆದುಕೊಂಡಿದ್ದು
‘ತಿರುಳ್ಗನ್ನಡದ ತಿರುಕ’ ಅಂತ.

1948ರ ಸೆಪ್ಟೆಂಬರಿನಲ್ಲಿ
ಹೈದರಾಬಾದ್ ನಿಜಾಮನ ಆಳ್ವಿಕೆ ಮುಗೀತು.
ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ
ಎಲ್ಲ ಆಗ ಆ ಸಂಸ್ಥಾನದಲ್ಲೇ ಇದ್ದವು.
ಮರುವರ್ಷವೇ, ಅದೇ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿಯಲ್ಲಿ
ಕನ್ನಡ ಸಾಹಿತ್ಯ ಸಮ್ಮೇಳನ.
ಅಧ್ಯಕ್ಷರು? ಇದೇ ಪಾದ್ರಿ!
ನನಗಂತೂ ಇದು ಹೆಮ್ಮೆಯ ವಿಷಯ.

1962ರಲ್ಲಿ ತೀರಿಕೊಂಡರು.

ನಿಮ್ಮ ಮನೆಯ ಅಜ್ಜಿಗೆ
ಸರ್ವಜ್ಞನ ತ್ರಿಪದಿ ಬರುತ್ತಾ?
ಇವತ್ತೇ ಹೇಳಿಸಿ,
ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.