ಹೋಳಿಗೆ ನೂರು, ಕೈಗಳೆಷ್ಟು?



ಹೈಟೆಕ್ ಸಿಟಿಯ ಕೇಳುಗರೊಬ್ಬರು ಫೋನಿನಲ್ಲಿ, "ನಾಲ್ಕು ಪಟ್ಟು ಪ್ರೊಸೆಸರ್ ಹಾಕಿದರೂ ನಮ್ಮ ಸಾಫ್ಟ್‌ವೇರ್ ನಾಲ್ಕು ಪಟ್ಟು ಬೇಗ ಮುಗಿಸೋಲ್ಲ, ಯಾಕೆ ಮೇಡಂ?" ಎಂದು ಕೇಳಿದರು. ಕನ್ನಡ ಬಿ.ಎ. ಓದಿದ ನಾನು ಅಂದು ಹಾಡು ಹಾಕಿ ತಪ್ಪಿಸಿಕೊಂಡೆ! ಆಮೇಲೆ ಓದಿ ತಿಳಿದದ್ದು ಇಲ್ಲಿದೆ.

ಯುಗಾದಿಗೆ 100 ಹೋಳಿಗೆ ಬೇಕು ಅಂದುಕೊಳ್ಳಿ. ಬೇಳೆ ಬೇಯಿಸಿ ಹೂರಣ ಮಾಡಲು 1 ಗಂಟೆ. ತಟ್ಟಿ ಬೇಯಿಸಲು ಒಬ್ಬರಿಗೆ 4 ಗಂಟೆ. ಒಟ್ಟು 5. ನಾಲ್ವರು ನಾಲ್ಕು ಒಲೆ ಹಚ್ಚಿದರೆ ತಟ್ಟುವುದು 1 ಗಂಟೆಗೆ ಇಳಿಯುತ್ತದೆ, ಆದರೆ ಹೂರಣಕ್ಕೆ ಅದೇ 1 ಗಂಟೆ. ಒಟ್ಟು 2, ವೇಗ ಎರಡೂವರೆ ಪಟ್ಟು ಮಾತ್ರ. ನೂರು ಜನ ಬಂದರೂ ಐದು ಪಟ್ಟು ದಾಟದು. ಹಂಚಿಕೊಳ್ಳಲಾಗದ ಕೆಲಸವೇ ವೇಗಕ್ಕೆ ಮಿತಿ ಎಂಬ ಈ ಮಾತನ್ನು ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟರು.

ಈಗ ಅದೇ ನಾಲ್ವರಿಗೆ 400 ಹೋಳಿಗೆ ಒಪ್ಪಿಸಿ. ದೊಡ್ಡ ಪಾತ್ರೆಯಲ್ಲಿ ಹೂರಣ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಆಗುತ್ತದೆ ಎನ್ನೋಣ. ಒಬ್ಬರಿಗೆ 17 ಗಂಟೆ, ನಾಲ್ವರಿಗೆ 5. ವೇಗ 3.4 ಪಟ್ಟು! ಕೆಲಸ ದೊಡ್ಡದಾದಂತೆ ಕೈಗಳು ಸಾರ್ಥಕ. 1988ರಲ್ಲಿ ಜಾನ್ ಗುಸ್ಟಾಫ್‌ಸನ್ 1024 ಪ್ರೊಸೆಸರ್‌ಗಳ ಯಂತ್ರಕ್ಕೆ ತಕ್ಕಂತೆ ಲೆಕ್ಕವನ್ನೂ ಹಿಗ್ಗಿಸಿ, ಸಾವಿರ ಪಟ್ಟು ಮೀರಿದ ವೇಗ ತೋರಿಸಿದರು.

ನಮ್ಮ ಹವಾಮಾನ ಮುನ್ಸೂಚನೆಯೂ ಹೀಗೆಯೇ. 2025ರ ಮೇನಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 12ರ ಬದಲು 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಅಂದರೆ ಚೌಕಗಳು ನಾಲ್ಕು ಪಟ್ಟು. ಯಂತ್ರದ ಹೆಚ್ಚಿನ ಶಕ್ತಿ ಇಲ್ಲಿ ಸೂಕ್ಷ್ಮತೆಗೆ ಸಲ್ಲುತ್ತದೆ.

ಸುನಾಮಿಯ ಕಥೆ ಬೇರೆ. ಭೂಕಂಪವಾದ ಮೇಲೆ ಸಿಗುವುದು ಕೆಲವೇ ನಿಮಿಷ. ಕೆಲಸ ಹಿಗ್ಗಿಸಲು ಪುರುಸೊತ್ತಿಲ್ಲ. ಹಾಗಾಗಿ 2007ರಿಂದ ಎಚ್ಚರಿಕೆ ನೀಡುತ್ತಿರುವ ನಮ್ಮ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ, ಬೇರೆ ಬೇರೆ ಭೂಕಂಪಗಳಿಗೆ ಅಲೆ ಹೇಗೆ ಏಳಬಹುದೆಂಬ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡಿದೆ. ಹಿಂದಿನ ರಾತ್ರಿಯೇ ಹೂರಣ ರುಬ್ಬಿಟ್ಟಂತೆ!

ಆದ್ದರಿಂದ ಪ್ರೊಸೆಸರ್‌ಗೆ ಹಣ ಸುರಿಯುವ ಮುನ್ನ ಒಂದು ಕೆಲಸ ಮಾಡಿ. ಚಿಕ್ಕ, ಮಧ್ಯಮ, ದೊಡ್ಡ ಕೆಲಸಗಳನ್ನು 1, 2, 4 ಪ್ರೊಸೆಸರ್‌ಗಳಲ್ಲಿ ಓಡಿಸಿ ಸಮಯ ಬರೆದಿಡಿ. ಚಿಕ್ಕ ಕೆಲಸವೊಂದನ್ನೇ ನೋಡಿ ಲೆಕ್ಕ ಕಟ್ಟಿದರೆ ಮೋಸ ಹೋಗುತ್ತೀರಿ. ಅಡುಗೆಮನೆಯಲ್ಲಿ ಜನ ಹೆಚ್ಚಾದರೆ ಮೊಣಕೈ ತಾಗುತ್ತದೆ ಎಂಬುದೂ ನೆನಪಿರಲಿ. ಪ್ರೊಸೆಸರ್‌ಗಳಿಗೂ ಪರಸ್ಪರ ಮಾತಾಡಲು ಹೊತ್ತು ಬೇಕು.

ಫೋನ್ ಮಾಡಿದವರೇ, ಉತ್ತರ ತಲುಪಿತೇ? ಮತ್ತೆ ಸಿಗೋಣ, ರೇಡಿಯೊ ಆನ್ ಇರಲಿ!